ನಾನು ಹಾಕಿದ ಚಿಲಕ

ನನ್ನ ಗಂಡನ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಅದು ನಾನು ಮಗ್ಗದ ಲಾಳಿಯಿಂದ ಹೊಡೆದದ್ದು. ಮೊದಲಿನಿಂದಲೂ ನನ್ನ ಕೈ ಮುಂದು, ಸಿಟ್ಟು ಮೂಗಿನ ತುದಿಯಲ್ಲೇ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಅವ್ವನಿಗೆ ದಿನಾ ಬೀಳುತ್ತಿದ್ದ ಏಟು ನೋಡಿಕೊಂಡು ಬೆಳೆದವಳು ನಾನು. ಅಪ್ಪ ಕುಡಿದು ಓಣಿಯ ತಿರುವಿಗೆ ಬಂದಾಗಲೇ ಹೆಜ್ಜೆ ಸದ್ದಿನಲ್ಲಿ ಗುರುತು ಹಿಡಿದು, ಅವ್ವನನ್ನು ಪಕ್ಕದ ಮನೆಗೆ ಅಟ್ಟುತ್ತಿದ್ದೆ.

ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ, ಕುಡಿಯದ ಗಂಡ ಸಿಕ್ಕನೆಂದು ಬೀಗಿದ್ದೆ. ಆತನಿಗೆ ಸೊಂಟ ಹಿಡಿದು ಮಗ್ಗದಲ್ಲಿ ಕೂರಲು ಆಗದೆ ಹೋದಾಗ, ಕೇರಿಯವರ ರೇಷ್ಮೆ ಸೀರೆಗಳ ಕಲೆ ತೆಗೆಯುವ ಕೆಲಸ ಹಿಡಿದ. ನೇಯುವಾಗ ತಗಲುವ ಜಿಡ್ಡು, ಮಸಿಗೆ ನೀರು ಹಾಕುವ ಹಾಗಿಲ್ಲ. ಚಳ್ಳಕೆರೆ ಕಡೆಯಿಂದ ಕ್ಯಾನಿನಲ್ಲಿ ಕಲೆ ಕರಗಿಸುವ ಸಾಲ್ವೆಂಟು ತರಿಸಿ, ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಉಜ್ಜಬೇಕು. ಗಾಳಿಯಾಡಿದರೆ ಅದು ಸರಕ್ಕನೆ ಆರಿ, ಕಲೆ ಹೋದ ಜಾಗದ ಸುತ್ತ ಬಳೆಯಂಥ ಗುರುತು ಉಳಿಯುತ್ತದೆ. ಹಾಗಾಗಿ ಕಲೆ ತೆಗೆಯಲು ಕಿಟಕಿಯಿಲ್ಲದ ಕೋಣೆಯೇ ಬೇಕು. ಫ್ಯಾನು ಹಾಕುವುದಿಲ್ಲ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕುತ್ತೇವೆ. ನಮ್ಮ ಮನೆಯಲ್ಲಿ ಅದನ್ನು ತುರುಕುತ್ತಿದ್ದವಳು ನಾನು. ಸೀರೆಗೆ ಗಾಳಿ ಸೋಕಬಾರದು, ಅಷ್ಟೇ ನಮಗೆ ಗೊತ್ತಿದ್ದದ್ದು. ಒಳಗೆ ನೆಲದ ಮೇಲೆ ಕೂತವನು ಏನನ್ನು ಉಸಿರಾಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ಮದುವೆ ಸೀಸನ್ ಬಂದು ಕೆಲಸ ಹೆಚ್ಚಾಯಿತು. ಮಧ್ಯಾಹ್ನ ಕೋಣೆಯಿಂದ ಹೊರಬಂದರೆ ಆತನ ಕಣ್ಣು ಕೆಂಪು, ಮಾತು ತೊದಲು, ಕಾಲು ಒಂದು ಕಡೆ ಮೈ ಒಂದು ಕಡೆ. ಚಪ್ಪಲಿ ಜಾರಿದ್ದೂ ಗೊತ್ತಾಗದೆ ಬರಿಗಾಲಲ್ಲಿ ನಡೆಯುತ್ತಿದ್ದ. ತಲೆ ಸಿಡಿಯುತ್ತದೆಂದು ಗೋಡೆಗೆ ಹಣೆ ಗುದ್ದಿಕೊಳ್ಳುತ್ತಿದ್ದ. "ವಾಡು ತಾಗಡಮ್ಮಾ," ನನ್ನ ಮಗ ಕುಡಿಯುವವನಲ್ಲ ಎಂದು ಅತ್ತೆ ತಮ್ಮ ತೆಲುಗಿನಲ್ಲಿ ಅಂಗಲಾಚಿದರು. ಹೆತ್ತ ಕರುಳು ಹಾಗೆನ್ನದೆ ಇನ್ನೇನು ಅಂದೀತು ಎಂದು ನಾನು ಮೂತಿ ತಿರುವಿದೆ.

ಇರುವೆಗೂ ಕೈ ಎತ್ತದವನು ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಬೀಸಿದ. ಅದು ನನ್ನ ಮೊಣಕೈಗೆ ಬಡಿಯಿತು. ನನ್ನಪ್ಪನೇ ಎದುರು ನಿಂತ ಹಾಗಾಯಿತು. ಕೈಗೆ ಸಿಕ್ಕ ಲಾಳಿ ಎತ್ತಿ ಮುಖಕ್ಕೇ ಬಿಟ್ಟೆ. ಅದರ ಕಬ್ಬಿಣದ ತುದಿ ಹುಬ್ಬು ಸೀಳಿ, ರಕ್ತ ಕಣ್ಣಿಗಿಳಿಯಿತು.

"ಕುಡ್ದಿಲ್ಲ ಕಣೇ. ದೇವ್ರಾಣೆಗೂ ಕುಡ್ದಿಲ್ಲ."

"ಲೇ, ನನ್ನತ್ರ ನಾಟ್ಕ ಆಡ್ಬ್ಯಾಡ. ಕುಡುಕ್ರ ಮನ್ಯಾಗೇ ಹುಟ್ದೋಳು ನಾನು!"

ಸಿಟ್ಟು ಬಂದರೆ ನನ್ನ ಬಾಯಲ್ಲಿ 'ರೀ' ಹೋಗಿ 'ಲೇ' ಬರುತ್ತದೆ. ಕೂದಲು ಹಿಡಿದೆಳೆದು ಆತನ ಬಾಯಿ ಮೂಸಿದೆ. ಸಾಲ್ವೆಂಟಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಸಾರಾಯಿ ವಾಸನೆ ಮುಚ್ಚಲೆಂದೇ ಅದನ್ನು ಬಳಿದುಕೊಂಡಿದ್ದಾನೆ ಎಂದು ತೀರ್ಮಾನಿಸಿದೆ. ಎಷ್ಟು ಜಾಣೆ ನಾನು!

ಮರುದಿನ ಅತ್ತೆ ನೆಂಟರ ಮನೆಗೆ ಹೋಗಿದ್ದರು. ಹುಬ್ಬಿಗೆ ಬಟ್ಟೆ ಕಟ್ಟಿಕೊಂಡೇ ಆತ ಕೋಣೆಗೆ ಹೋದ. ನಾನು ಹೊರಗಿನಿಂದ ಚಿಲಕ ಹಾಕಿದೆ. ನಡುವೆ ಎದ್ದು ಹೋಗಿ ಕುಡಿದು ಬರುತ್ತಾನೆ, ಇವತ್ತು ಹೇಗೆ ಹೋಗುತ್ತಾನೋ ನೋಡೇಬಿಡೋಣ ಎಂದು. ಹನ್ನೆರಡರ ಹೊತ್ತಿಗೆ ಬಾಗಿಲು ಬಡಿಯತೊಡಗಿದ.

"ಬಾಗ್ಲು ತೆಗಿಯೇ. ಉಸ್ರು ಕಟ್ತೈತೆ."

"ಕುಡಿಯಾಕೆ ಸಿಗ್ಲಿಲ್ಲ ಅಂದ್ರೆ ಉಸ್ರು ಕಟ್ತೈತಾ? ಕಟ್ಲಿ!"

ಆತ ಒಳಗಿನಿಂದ ಒದ್ದ. ನಾನು ಹೊರಗಿನಿಂದ ಒದ್ದೆ. ಬಾಯಿಗೆ ಬಂದಂತೆ ಬೈದೆ. ಆತನ ತಲೆಮಾರನ್ನೆಲ್ಲ ಎಳೆದು ತಂದೆ. ಆಮೇಲೆ ಬಡಿತ ನಿಂತಿತು. ಗೆದ್ದೆ ಎಂದುಕೊಂಡು ಒಳಗೆ ಹೋಗಿ ಮುದ್ದೆ ತಿರುವಿದೆ.

ಊಟಕ್ಕೆ ಕರೆಯಲು ಚಿಲಕ ತೆಗೆದರೆ ಬಾಗಿಲು ಅಲುಗಲಿಲ್ಲ. ಆತನ ಮೈ ಅಡ್ಡ ಬಿದ್ದಿತ್ತು. ಭುಜ ಕೊಟ್ಟು ನೂಕಿದೆ. ವಾಸನೆ ಮುಖಕ್ಕೆ ರಾಚಿ ನನಗೇ ತಲೆ ಗಿರ್ರೆಂದಿತು. ಸಂದಿಯ ಗೋಣಿಚೀಲ ಕೀಳಲು ನೋಡಿ ಉಗುರು ಕಿತ್ತುಕೊಂಡಿದ್ದ. ಮೈ ಸೆಟೆದಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ಕೆಂಪು ನೊರೆ. ಕಾಲು ಹಿಡಿದು ಅಂಗಳಕ್ಕೆ ದರದರ ಎಳೆದೆ. "ಏನ್ರೀ, ಏಳ್ರೀ," ಎಂದು ಕೆನ್ನೆಗೆ ಬಡಿದೆ. ಪಕ್ಕದ ಮನೆಯವರ ಕಾರು ದಾರಿಯ ತಳಕು ಊರು ದಾಟಿ ಚಳ್ಳಕೆರೆಯ ಆಸ್ಪತ್ರೆ ಸೇರುವವರೆಗೂ ಆತನ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಡಾಕ್ಟರು ಆತನ ಅಂಗಿ ಮೂಸಿ ಕೆಲಸ ಏನೆಂದು ಕೇಳಿದರು. ಹೇಳಿದೆ.

"ಇವ್ರು ಕುಡಿದಿಲ್ಲಮ್ಮ. ಆ ಆವಿ ಉಸಿರಿನ ಜೊತೆ ರಕ್ತಕ್ಕೆ, ಮಿದುಳಿಗೆ ಹೋಗುತ್ತೆ. ಕುಡಿದವರ ಹಾಗೇ ತೂರಾಡ್ತಾರೆ, ಸಿಡುಕ್ತಾರೆ. ದಿನಾ ಹೋದ್ರೆ ಕೈಕಾಲಿನ ನರಗಳೇ ಕೆಡ್ತವೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತೆ. ಕೋಣೆಗೆ ಕಿಟಕಿ ಇಲ್ವಾ? ತಲೆ ಸುತ್ತಿದಾಗ ಹೊರಗೆ ಬರಬೇಕು ತಾನೆ?"

ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಮೂರನೆಯ ದಿನ ಆತ ಕಣ್ಣು ಬಿಟ್ಟ. ಆ ಬೆಳಿಗ್ಗೆ ಕೋಣೆಗೆ ಹೋದದ್ದಾಗಲಿ, ಬಡಿದದ್ದಾಗಲಿ ಆತನಿಗೆ ನೆನಪಿರಲಿಲ್ಲ. ಮನೆಗೆ ಬಂದವಳೇ ಹಾರೆ ತೆಗೆದುಕೊಂಡು ಆ ಕೋಣೆಯ ಗೋಡೆ ಒಡೆದೆ. ಅಂಗೈ ಸುಲಿದು ರಕ್ತ ಬಂದರೂ ನಿಲ್ಲಿಸಲಿಲ್ಲ. ಆತನ ಕಾಲಿನ ಜೋಮು ಮಾತ್ರ ಇನ್ನೂ ಬಿಟ್ಟಿಲ್ಲ.

ನೋಡಲು ಬಂದವರಿಗೆಲ್ಲ ಆತನದು ಒಂದೇ ಮಾತು: "ಇವ್ಳು ಬಾಗ್ಲು ತೆಗೀದೇ ಇದ್ದಿದ್ರೆ ಅವತ್ತೇ ನನ್ ಹೆಣ ಬೀಳ್ತಿತ್ತು." ಬಂದವರು ನನ್ನನ್ನು ಹೊಗಳಿ, ಕಾಫಿ ಕುಡಿದು ಹೋಗುತ್ತಾರೆ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಆತನಿಗೆ ಓದಲು ಬರುವುದಿಲ್ಲ. ಬರೆದಿಟ್ಟ ಇದನ್ನು ನಾನೇ ಆತನನ್ನು ಕೂರಿಸಿಕೊಂಡು ಓದಿ ಹೇಳಬೇಕು. ಇನ್ನೂ ಹೇಳಿಲ್ಲ.