ಯಾರಿಗೂ ಗೊತ್ತಾಗದಂತೆ

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರನ್ನು ನಾವೆಲ್ಲ ಕೆಂಪು ಪೆನ್ನು ಎಂದೇ ಕರೆಯುತ್ತಿದ್ದೆವು. ತಾಯಿ ಬರೆದುಕೊಟ್ಟ ದಿನಸಿ ಚೀಟಿಯ ಕೊಂಬು, ದೀರ್ಘಗಳನ್ನೂ ಸರಿಪಡಿಸಿಯೇ ಅಂಗಡಿಗೆ ಹೋಗುವ ಆಸಾಮಿ. ಅಕ್ಷರ ಜೋಡಿಸುವ ಮೇಡಂ ಕಂಡರಂತೂ ಅವರಿಗೆ ಆಗುವುದೇ ಇಲ್ಲ ಎಂದು ನಾವು ನಂಬಿದ್ದೆವು. ಮೇಡಂ ಚಹಾಕ್ಕೆ ಎದ್ದರೆ ಇವರು ಕೂರುವರು. ಮೇಡಂ ಮನೆಗೆ ಹೊರಟು ಕಾಲು ಗಂಟೆಯಾದ ಮೇಲೆಯೇ ಇವರು ಚಪ್ಪಲಿ ಮೆಟ್ಟುವರು. ಅವರ ಪುಟದಲ್ಲಿ ತಪ್ಪಿಲ್ಲದಿದ್ದರೂ ಒಂದೆರಡು ಗೀಟು ಎಳೆದು, "ಏನ್ ಮೇಡಂ, ಕಣ್ಣು ಎಲ್ಲಿಟ್ಟಿದ್ರಿ?" ಎಂದು ಎಲ್ಲರಿಗೂ ಕೇಳಿಸುವಂತೆ ಗದರುವರು. ಏಳು ವರ್ಷ ಹೀಗೇ ನಡೆಯಿತು. ಅವರಿಬ್ಬರದು ಪ್ರೀತಿ ಎಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಕಾಗದದ ಗೋದಾಮಿನಲ್ಲಿ ನಾನಿರುವುದು ಅವರಿಗೆ ಗೊತ್ತಿಲ್ಲದಿದ್ದಾಗ. "ಆಫೀಸಲ್ಲಿ ಮುಚ್ಚಿಡೋಣ ಅಂದ್ರಿ, ಒಪ್ಪಿದೆ," ಎನ್ನುತ್ತಿದ್ದರು ಮೇಡಂ. "ನಿಮ್ಮ ತಾಯಿ ಹತ್ರನೂ ಯಾಕೆ ಮುಚ್ಚಿಡ್ಬೇಕು? ನನಗೂ ನಲವತ್ತಾಯ್ತು." "ಇನ್ನು ಸ್ವಲ್ಪ ದಿನ ತಡಿ," ಎಂದರು ಇವರು. ಮೇಡಂ ತಡೆಯಲಿಲ್ಲ. ಮರುವಾರವೇ ಕೆಲಸ ಬಿಟ್ಟು ಬೇರೆ ಊರಿಗೆ ಹೊರಟುಹೋದರು. ಅಂದು ಮಾಲೀಕರು ಇವರ ಬೆನ್ನು ತಟ್ಟಿ, "ಅಂತೂ ನಿಮ್ಮ ತಲೆನೋವು ಹೋಯ್ತಲ್ಲ ಸಾರ್!" ಎಂದು ನಕ್ಕರು. "ಹೂಂ, ಹೋಯ್ತು," ಎಂದು ಇವರೂ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ಕದ ಹಾಕಿಕೊಂಡವರು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಕದ ತಟ್ಟಿ ಒಂದು ಮಾತು ಆಡಬೇಕೆನಿಸಿತು. ಆಡಿದರೆ ನನಗೆಲ್ಲ ಗೊತ್ತಿದೆ ಎಂದಾಗುತ್ತದಲ್ಲ ಎಂದು, ಎತ್ತಿದ ಕೈಯನ್ನು ಹಾಗೇ ಇಳಿಸಿದೆ.