ಹಿಂದಿನ ಸಾಲು ಯಾರದು?

ವರ್ತಕ ನಗರದ ನಮ್ಮ ಕಟ್ಟಡದಲ್ಲಿ ಮನೆಗೊಂದು ನೀರಿನ ಮೀಟರ್. ವಾರಕ್ಕೊಮ್ಮೆ ವಾಚ್‌ಮನ್ ಓದಿ ಬಂದ ಅಂಕಿಗಳನ್ನು ಸೆಕ್ರೆಟರಿ ಸೊಸೈಟಿಯ ಕಂಪ್ಯೂಟರಿಗೆ ಹಾಕುತ್ತಾರೆ. ಈ ವಾರದ ಅಂಕಿಯಲ್ಲಿ ಹೋದ ವಾರದ್ದನ್ನು ಕಳೆದರೆ ಬಳಸಿದ ನೀರು ಸಿಗುತ್ತದೆ. ನಮ್ಮದೇ ಅತಿ ಹೆಚ್ಚು, ಇನ್ನು ನಮ್ಮ ಮನೆಗೆ ಸಂಜೆಯ ನೀರು ಬಂದ್ ಎಂದು ಹೇಳಲು ಅವರು ಬಂದಾಗ ನಾನು ಮಜ್ಜಿಗೆ ಕೊಟ್ಟೆ. ಕುಡಿದರು.

"ಅಕ್ಕಾರ, ನಿಮ್ಮ ಕರಾವಳಿ ಕಡೆಯವ್ರು ದಿನಾ ಎರಡ ಸಲ ಜಳಕಾ ಮಾಡ್ತೀರಿ. ಸಮುದ್ರ ಬಿಟ್ಟು ಬಂದ್ರೂ ಚಟ ಬಿಟ್ಟಿಲ್ಲ ನೋಡ್ರಿ."

ಒಳಗೆ ಅತ್ತೆ ಕೇಳಿಸಿಕೊಂಡರು. ಸಂಜೆ ಮಿಂದಲ್ಲದೆ ಅವರು ದೇವರಿಗೆ ದೀಪ ಹಚ್ಚಿದವರಲ್ಲ.

"ಲೆಕ್ಕ ನೋಡದೆ ನಾನು ಒಪ್ಪುವುದಿಲ್ಲ ಮಾರಾಯ್ರೆ," ಎಂದೆ, ಕಾನ್ವೆಂಟಿನಲ್ಲಿ ಕಲಿತ ಮೆಲುದನಿಯಲ್ಲೇ.

"ಎಸ್‌ಕ್ಯೂಎಲ್ ಐತ್ರಿ ಅದು, ಸಾರಲ್ಲ."

ಮಗಳು ಅರ್ಧಕ್ಕೆ ಬಿಟ್ಟ, ಆ ಕಂಪ್ಯೂಟರ್ ಭಾಷೆಯದೇ ಆನ್‌ಲೈನ್ ಕ್ಲಾಸನ್ನು ಮುಗಿಸಿದವಳು ನಾನು. ಮರುದಿನ ಕೆಳಗೆ ಸೊಸೈಟಿಯ ಆಫೀಸಿಗೆ ಇಳಿದೆ. "ಮಮ್ಮಿ, ಛೋಡ್ ದೋ ನಾ," ಎಂದು ಮಗಳು ಬಾಗಿಲವರೆಗೂ ಬಂದಳು. ಬಿಡಲಿಲ್ಲ.

ಲೆಕ್ಕ ಕೇಳಲು ಸೆಕ್ರೆಟರಿ ಬರೆದಿದ್ದ ಕ್ವೆರಿ ಪ್ರತಿ ಸಾಲಿಗೂ ಇಡೀ ಪಟ್ಟಿಯನ್ನು ಜಾಲಾಡುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಅವರು ಚಹಾ ಕುಡಿದು ಬರುತ್ತಿದ್ದರು. ಹುಡುಕುತ್ತಿದ್ದುದಾದರೂ ಏನನ್ನು? ಕಟ್ಟಡದಲ್ಲಿ ಎಷ್ಟು ಮನೆಯೋ ಅಷ್ಟು ಸಾಲು ಹಿಂದೆ ಇರುವುದನ್ನು, ಅದೇ ಆ ಮನೆಯ ಹೋದ ವಾರದ ಅಂಕಿ ಎಂದುಕೊಂಡು. ವಾಚ್‌ಮನ್ ಸದಾ ಕೆಳಗಿಂದ ಮೇಲಕ್ಕೆ ಓದುತ್ತಾನೆ ಎಂಬ ನಂಬಿಕೆ. ಆದರೆ ಟ್ಯಾಂಕರ್ ಬಂದ ದಿನ ಅವನು ಟೆರೇಸಿನಲ್ಲಿ ನೀರಿನ ಟಾಕಿ ತುಂಬುವುದನ್ನು ಕಾಯುತ್ತಾನೆ. ಅಲ್ಲಿಂದ ಇಳಿಯುತ್ತಲೇ ಓದುತ್ತಾನೆ. ಆ ವಾರ ಸಾಲುಗಳು ತಲೆಕೆಳಗು. ನಮ್ಮ ಅಂಕಿಯಿಂದ ಕಳೆದದ್ದು ಮೇಲಿನ ಮಹಡಿಯ, ಬೀಗ ಹಾಕಿದ ಮನೆಯ ಸಣ್ಣ ಅಂಕಿಯನ್ನು!

"ಹಾಗಾದರೆ ಕೆಲವರದು ಮೈನಸ್ ಬಂದಿರಬೇಕಲ್ಲ?"

"ಬಂದಿತ್ರಿ. ಅವ್ರ ಮೀಟರ್ ಕೆಟ್ಟಾವ ಅಂತ ಬಿಟ್ಟೆ."

ಮೈನಸ್ ಬಂದರೆ ಮೀಟರಿನ ತಪ್ಪು, ಪ್ಲಸ್ ಬಂದರೆ ನಮ್ಮ ಸ್ನಾನದ ತಪ್ಪು! ನಾನು ಕುರ್ಚಿ ಎಳೆದು ಕುಳಿತೆ. ಹುಡುಕಾಟ ಬೇಗ ಮುಗಿಯಲೆಂದು ಮನೆ ಮತ್ತು ತಾರೀಖಿನ ಮೇಲೆ ಒಂದು ಇಂಡೆಕ್ಸ್ ಹಾಕಿದೆ. ಆಮೇಲೆ ಲ್ಯಾಗ್ ಎಂಬ ಫಂಕ್ಷನ್ ಬರೆದೆ: ಒಂದೊಂದು ಮನೆಯ ಸಾಲುಗಳನ್ನು ಬೇರೆಯಾಗಿಟ್ಟು, ತಾರೀಖಿನ ಕ್ರಮದಲ್ಲಿ, ಅದೇ ಮನೆಯ ಹಿಂದಿನ ಅಂಕಿಯನ್ನು ಪಕ್ಕಕ್ಕೆ ತಂದು ಕೊಡುವಂಥದ್ದು. ಎಂಟರ್ ಒತ್ತಿದ್ದೇ ತಡ, ಉತ್ತರ ಬಂತು. ನಮ್ಮ ಮನೆ ಪಟ್ಟಿಯ ನಡುವೆಲ್ಲೋ ಇತ್ತು.

ಅವರು ಕನ್ನಡಕ ಒರೆಸಿಕೊಂಡರು. "ಆತ್ರಿ, ನೀರು ಬಿಡ್ತೀನಿ. ಆದ್ರೂ ಜಳಕಾ ಒಂದ ಸಲ ಮಾಡಿದ್ರ ಚಲೋ ಅಲ್ರಿ?"

"ಎರಡು ಸಲವೇ," ಎಂದೆ.

ಅಂದು ಸಂಜೆ ಅತ್ತೆ ಮೀಯಲು ಹೋದಾಗ ಬಚ್ಚಲಿನ ಕಿಟಕಿಯನ್ನು ನಾನೇ ತೆರೆದಿಟ್ಟೆ. ಚೊಂಬಿನ ಸದ್ದು ಕೆಳಗೆ ಆಫೀಸಿನವರೆಗೂ ಕೇಳಲಿ.