ನಿಂಬೆಗೆ ನೀರು ನಿಲ್ಲಿಸಿದ ಬೇಸಿಗೆ

ಆಲ್ಫಿಯೊ ತೀರಿಕೊಂಡ ಮೊದಲ ವರ್ಷ ಅಗ್ರಿಪ್ಪಿನಾ ಹಿತ್ತಲಿಗೆ ನೀರು ಹಾಕಿದ್ದೇ ಹಾಕಿದ್ದು. ಅಲ್ಲಿಯವರೆಗೆ ಅವಳಿಗೂ ಹಿತ್ತಲಿಗೂ ಇದ್ದ ನಂಟು ಅಡುಗೆಮನೆಯ ಕಿಟಕಿಯಷ್ಟೇ. ಅಚಿರೆಯಾಲೆ ಊರಿನ ಮದುವಣಗಿತ್ತಿಯರಿಗೆ ಬಟ್ಟೆ ಹೊಲಿದುಕೊಡುವುದು ಅವಳ ಕಸುಬು. ಮಣ್ಣಿನ ಕೈಯಲ್ಲಿ ಬಿಳಿ ರೇಷ್ಮೆ ಮುಟ್ಟಿದರೆ ಕೆಟ್ಟೀತೆಂದು ಗಂಡನೇ ಅವಳನ್ನು ಗಿಡಗಳಿಂದ ದೂರ ಇಟ್ಟಿದ್ದ. ಈಗ ಬೇಸಿಗೆಯಲ್ಲಿ ಒಂದೆಲೆ ಬಾಡಿದರೂ ಪೈಪು ಹಿಡಿದು ಓಡುತ್ತಿದ್ದಳು. ಒಣನೆಲ ಬಯಸುವ ರೋಸ್‌ಮೇರಿ ಬೇರು ಕೊಳೆತು ಸತ್ತಿತು. ಎರಡೂ ನಿಂಬೆಮರಗಳ ಎಲೆ ಹಳದಿಗೆ ತಿರುಗಿತು.

ಮಾಳಿಗೆಯಲ್ಲಿ ಆಲ್ಫಿಯೊನ ಅಕ್ಕ ವೆನೆರಾ ಇದ್ದಳು. ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಉಳಿದವಳು. ಅವಳ ಬಾಲ್ಕನಿಯಿಂದ ಹಿತ್ತಲು ಪೂರ್ತಿ ಕಾಣುತ್ತಿತ್ತು. ಹಿತ್ತಲಿಗೆ ಅವಳ ಮಾತೂ ಪೂರ್ತಿ ಕೇಳಿಸುತ್ತಿತ್ತು.

"ಅದೇನು, ಗಿಡ ಬೆಳೆಸ್ತಿದೀಯೋ ಮೀನು ಸಾಕ್ತಿದೀಯೋ?"

ಅಗ್ರಿಪ್ಪಿನಾ ಮೆಲ್ಲಗೆ ಕೈ ತಡೆಯುವುದನ್ನು ಕಲಿತಳು. ಅಕ್ಟೋಬರಿನಲ್ಲಿ ಮಳೆ ಹಿಡಿದ ಮೇಲೆ ಅಗಲಬೀಜದ ಅವರೆ ಊರಿದಳು. ಚಳಿಗಾಲದಲ್ಲಿ ಊರ ಹಿಂದಿನ ಜ್ವಾಲಾಮುಖಿ ಬೆಟ್ಟ ಬೂದಿ ಉಗುಳಿದ ದಿನ ಏಣಿ ಹತ್ತಿ ಎಲೆಗಳ ಮೇಲಿನ ಕರಿಪುಡಿ ಕೊಡವಿದಳು. ಮಾರ್ಚಿನಲ್ಲಿ ಒಣರೆಂಬೆ ಸವರುವಾಗ, ಕತ್ತರಿ ಹಿಡಿದೇ ಬದುಕಿದವಳಾದ್ದರಿಂದ, ಕಷ್ಟವೆನಿಸಲಿಲ್ಲ. ಮೇ ತಿಂಗಳಲ್ಲಿ ಕಿತ್ತ ಕಳೆಯನ್ನೇ ಒಣಗಿಸಿ ಟೊಮೆಟೊ ಬುಡಕ್ಕೆ ಹೊದಿಸಿದಳು.

ಜೂನ್ ಬಂತು, ಆ ಊರಿನ ಸುಡುಬೇಸಿಗೆ. ಮಳೆ ನಿಂತು ಬಹಳ ದಿನವಾಗಿತ್ತು. ಅಗ್ರಿಪ್ಪಿನಾ ಟೊಮೆಟೊಗೆ ನೀರು ಬಿಟ್ಟಳು, ನಿಂಬೆಮರಗಳಿಗೆ ಮಾತ್ರ ನಿಲ್ಲಿಸಿಬಿಟ್ಟಳು. ಆಲ್ಫಿಯೊ ಪ್ರತಿ ವರ್ಷ ಹೀಗೇ ಮಾಡುತ್ತಿದ್ದ. ಮರ ಬಾಯಾರಿ ಎಲೆ ಮುದುಡಿಸಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಹೊಟ್ಟೆತುಂಬ ಕುಡಿಸಬೇಕು. ಆಗ ಅದು ಇನ್ನೊಂದು ಸಲ ಹೂ ಬಿಡುತ್ತದೆ. ಮುಂದಿನ ಬೇಸಿಗೆಗೆ, ನಿಂಬೆ ಸಿಗದ ಕಾಲದಲ್ಲಿ, ಹಸಿರು ಕಾಯಿ ಕೈಗೆ ಬರುತ್ತದೆ. ಆದರೆ ಎಷ್ಟು ಬಾಡಿದರೆ ಸಾಕು ಎನ್ನುವುದು ಅವನ ಕಣ್ಣಿಗೆ ಗೊತ್ತಿತ್ತು. ಇವಳು ಕಿಟಕಿಯಿಂದ ಕಂಡದ್ದಷ್ಟೇ.

"ಮರ ಕೊಲ್ತಿದೀಯ ನೀನು," ಎಂದಳು ವೆನೆರಾ ಮೇಲಿನಿಂದ.

"ಅವರೂ ಹೀಗೇ ಮಾಡ್ತಿದ್ರಲ್ಲ ಅಕ್ಕ."

"ಅವನು ಮಾಡ್ತಿದ್ದ. ನೀನು ಅವನಲ್ಲ."

ಒಂದು ಬೆಳಿಗ್ಗೆ ಬಾಲ್ಕನಿ ಕೆಳಗಿನ ನಿಂಬೆಯ ಬುಡ ಒದ್ದೆಯಾಗಿತ್ತು. ಗೋಡೆ ಪಕ್ಕದ್ದು ಒಣಗಿಯೇ ಇತ್ತು. ಮರುದಿನವೂ ಹಾಗೇ. ಅಗ್ರಿಪ್ಪಿನಾ ತಲೆಯೆತ್ತಿ ಕೂಗಿದಳು.

"ವೆನೆರಕ್ಕ, ನಿಮ್ಮ ಬಾಲ್ಕನಿ ಕೆಳಗೆ ಮಾತ್ರ ಮಳೆ ಬಂದಿದೆ."

"ಬಟ್ಟೆ ಹಿಂಡಿದ್ದು."

"ಬಕೆಟ್ ಬಕೆಟ್ ಹಿಂಡಿದ್ರಾ?"

ವೆನೆರಾ ಕಂಬಿ ಹಿಡಿದು ಬಗ್ಗಿದಳು. ದನಿಯಲ್ಲಿ ಎಂದಿನ ಖಾರ ಇರಲಿಲ್ಲ; ಅಗ್ರಿಪ್ಪಿನಾಳನ್ನು ಕರೆದದ್ದೂ ಮುದ್ದಿನ ಹೆಸರಲ್ಲಿ.

"ಆಸ್ಪತ್ರೆಯಲ್ಲಿ ಕೊನೇ ದಿನ ಅವನು ನೀರು ಕೇಳ್ದ. ನೀನು ಬಟ್ಟೆ ತರೋಕೆ ಮನೆಗೆ ಬಂದಿದ್ದೆ. ಕೊಡಬಾರದು ಅಂತ ಡಾಕ್ಟರು ಹೇಳಿದ್ರು, ನಾನು ಕೊಡಲಿಲ್ಲ. ಇನ್ನೊಂದು ಜೀವ ಬಾಯಾರಿ ಒಣಗೋದನ್ನ ನಾನು ನೋಡಲ್ಲ, ಪೀನಾ."

ಈ ಸಂಗತಿ ಅಗ್ರಿಪ್ಪಿನಾಗೆ ಗೊತ್ತಿರಲಿಲ್ಲ. ಹಿತ್ತಲ ನೀರುತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು.

"ನಿಮ್ಮ ಕೆಳಗಿನ ಮರ ನಿಮ್ಮದು," ಎಂದಳು ಕೊನೆಗೆ. "ಗೋಡೆ ಪಕ್ಕದ್ದು ನಂದು. ನಿಮ್ಮದಕ್ಕೆ ಎಷ್ಟಾದ್ರೂ ನೀರು ಹಾಕಿ. ಇದನ್ನ ನೋಡಬೇಡಿ."

ಜುಲೈನಲ್ಲಿ ಆಫ್ರಿಕದ ಕಡೆಯಿಂದ ಬಿಸಿಗಾಳಿ ಬೀಸಿತು. ಗೋಡೆ ಪಕ್ಕದ ಮರದ ಎಲೆಗಳು ಸುರುಳಿ ಸುತ್ತಿ ಉದುರತೊಡಗಿದವು. ಇವತ್ತು ಬಿಡಲೇ, ನಾಳೆ ಬಿಡಲೇ ಎಂದು ಅಗ್ರಿಪ್ಪಿನಾ ತಡಮಾಡಿದಳು. ಕಾದದ್ದು ಹೆಚ್ಚಾಯಿತು. ದೊಡ್ಡ ಕೊಂಬೆಯೊಂದು ತುದಿಯಿಂದ ಬುಡದವರೆಗೆ ಒಣಗಿತು. ಅವಳು ಪೈಪು ಎಳೆದುಕೊಂಡು ಓಡಿದಾಗ, ತಿಂಗಳುಗಟ್ಟಲೆ ಕೆಳಗಿಳಿಯದ ವೆನೆರಾ ಮೆಟ್ಟಿಲಿಳಿದು ಬಂದಳು.

"ಒಮ್ಮೆಲೇ ಬಿಡಬೇಡ ಕಣೇ, ನೀರೆಲ್ಲ ಹರಿದು ಹೋಗುತ್ತೆ. ಸಣ್ಣಗೆ ಬಿಡು."

ಇಬ್ಬರೂ ನೀರು ಇಂಗುವುದನ್ನು ನೋಡುತ್ತ ನಿಂತರು. ಸತ್ತ ಕೊಂಬೆಯನ್ನು ಕೊಯ್ಯುವಾಗ ಏಣಿ ಹಿಡಿದವಳು ವೆನೆರಾಳೇ.

"ಮರದ ಒಂದು ಕೈ ತೆಗೆದೆ ನೋಡು."

"ಹೌದಕ್ಕ. ತಡ ಮಾಡಿದೆ."

ಆಗಸ್ಟ್ ಕೊನೆಗೆ ಉಳಿದ ಕೊಂಬೆಗಳ ತುಂಬ ಹೂವಾಯಿತು. ಬಾಲ್ಕನಿ ಕೆಳಗಿನ ಮರ ಒಂದೂ ಹೂ ಬಿಡಲಿಲ್ಲ, ಆದರೆ ಚಳಿಗಾಲದಲ್ಲಿ ಎಂದಿನಂತೆ ಹಳದಿ ಹಣ್ಣು ಕೊಟ್ಟಿತು. ಮುಂದಿನ ಜೂನ್‌ನಲ್ಲಿ ಗೋಡೆ ಪಕ್ಕದ ಮರದಿಂದ ಬುಟ್ಟಿ ತುಂಬ ಹಸಿರು ನಿಂಬೆ ಇಳಿಯಿತು. ಒಂದಷ್ಟನ್ನು ಅಗ್ರಿಪ್ಪಿನಾ ಮಾಳಿಗೆಗೆ ಒಯ್ದಳು.

"ಈ ಸಲ ನಿಮ್ಮದಕ್ಕೂ ನೀರು ನಿಲ್ಲಿಸೋಣವಾ?"

"ನಾನು ನಿಲ್ಲಿಸಲ್ಲ," ಎಂದಳು ವೆನೆರಾ, ನಿಂಬೆಯನ್ನು ಮೂಸುತ್ತ.

ಅವಳು ಬದುಕಿರುವವರೆಗೂ ನಿಲ್ಲಿಸಲಿಲ್ಲ, ಅಗ್ರಿಪ್ಪಿನಾ ಮತ್ತೆ ಕೇಳಲೂ ಇಲ್ಲ. ಒಂದೇ ಹಿತ್ತಲಲ್ಲಿ ಒಂದು ಮರ ಬಾಡಿ, ಇನ್ನೊಂದು ಪಚ್ಚನೆ ನಿಂತದ್ದನ್ನು ಕಂಡು ಬಂದವರು ನಗುತ್ತಿದ್ದರು. ಆ ಮನೆಯಲ್ಲಿ ಮಾತ್ರ ಚಳಿಗೂ ಬೇಸಿಗೆಗೂ ನಿಂಬೆ ತಪ್ಪಲಿಲ್ಲ.